ಶಿಲಾವೀರನ ಪರವಾಗಿ ಬರೆದವಳು

ಬೀದರಿನ ವಾರಪತ್ರಿಕೆ ಗುರುವಾರ ಮಧ್ಯಾಹ್ನದ ಬಸ್ಸಿನಲ್ಲಿ ಗಡಿ ದಾಟಿ ಜಹೀರಾಬಾದಿಗೆ ಬಂದಿಳಿಯುತ್ತಿತ್ತು. ಶಿವಕಾಂತಾಳ ಅಪ್ಪನಿಗೆ ಅದರಲ್ಲಿ ತೊಗರಿಯ ಧಾರಣೆ ಬೇಕು, ಅವ್ವ ಗುಂಡಮ್ಮನಿಗೆ ವಾರಭವಿಷ್ಯ ಬೇಕು. ಶಿವಕಾಂತಾ ಮಾತ್ರ ಕೊನೆಯ ಪುಟ ತಿರುವಿ ಸಿನಿಮಾ ಅಂಕಣ ಓದುತ್ತಿದ್ದಳು. ‘ನಿಷ್ಠುರ’ ಎಂಬ ಹೆಸರಿನಲ್ಲಿ ಅದನ್ನು ಬರೆಯುವವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಬೀದರಿನ ವಕೀಲನೆಂದು ಕೆಲವರು, ಭಾಲ್ಕಿಯ ಡಾಕ್ಟರೆಂದು ಕೆಲವರು ಹೇಳುತ್ತಿದ್ದರು. ಯಾವ ಪಿಚ್ಚರನ್ನೂ ಅವನು ಸುಮ್ಮನೆ ಬಿಟ್ಟದ್ದಿಲ್ಲ. ಅದಕ್ಕೇ ಅವಳಿಗೆ ಅವನ ಬರಹ ಇಷ್ಟ.

ಆ ವಾರ ಅವನ ಕೈಗೆ ಸಿಕ್ಕದ್ದು ‘ಶಿಲಾವೀರ’.

ಶಿಲಾವೀರ ಹೊಸಬನಲ್ಲ. ಶಿವಕಾಂತಾ ಚಿಕ್ಕವಳಿದ್ದಾಗ ಬಂದ ಹಿಂದಿ ಪಿಚ್ಚರಿನ ನಾಯಕ ಅವನು. ಕಲ್ಲಿನ ಗಣಿಯಲ್ಲಿ ದುಡಿಯುವ ಹುಡುಗ, ಅನ್ಯಾಯ ಕಂಡಾಗ ಮೈಯೆಲ್ಲ ಕಲ್ಲಾಗಿ ನಿಲ್ಲುತ್ತಾನೆ. ಗುಂಡು ತಾಗುವುದಿಲ್ಲ, ಬೆಂಕಿ ಸುಡುವುದಿಲ್ಲ. ಆಗಿನ ಹುಡುಗರು ಎದೆ ಸೆಟೆಸಿ ನಿಂತು ಒಬ್ಬರಿಗೊಬ್ಬರು ‘ಹೊಡಿ, ಹೊಡಿ’ ಎಂದು ಆಡುತ್ತಿದ್ದದ್ದು ಅವಳಿಗೂ ನೆನಪಿದೆ. ಈಗ ಅದೇ ಕತೆಯನ್ನು ಹೊಸ ನಟನನ್ನು ಹಾಕಿ, ಮೊದಲಿನಿಂದ ಮತ್ತೆ ತೆಗೆದಿದ್ದರು. ನಮ್ಮ ಕಡೆಯ ಟಾಕೀಸುಗಳಿಗೆ ಅದು ತೆಲುಗಿನ ದನಿ ಕೊಡಿಸಿಕೊಂಡು ಬಂದಿತ್ತು.

ನಿಷ್ಠುರ ಬರೆದಿದ್ದ: ‘ಒಮ್ಮೆ ಹೇಳಿ ಮುಗಿಸಿದ ಕತೆಯನ್ನು ಮತ್ತೆ ಹೇಳುವವರ ಹತ್ತಿರ ಹೇಳಲು ಬೇರೇನೂ ಉಳಿದಿಲ್ಲ. ಹಳೆಯ ಶಿಲಾವೀರ ಎದುರು ನಿಂತರೆ ಗುಂಡು ಹಿಂದಕ್ಕೆ ಚಿಮ್ಮುತ್ತಿತ್ತು. ಈ ಹೊಸ ಹುಡುಗ ಪೆಟ್ಟು ಬಿದ್ದರೆ ಅಳುತ್ತಾನೆ. ಕಲ್ಲಾಗುವಾಗ ನೋಯುತ್ತದೆಯಂತೆ! ಅವನ ತಾಯಿಯೋ, ಪಿಚ್ಚರಿನ ಉದ್ದಕ್ಕೂ ಕೆಮ್ಮುತ್ತಾಳೆ. ಕೆಮ್ಮು ಕೇಳಬೇಕೆಂದವರು ದವಾಖಾನೆಗೆ ಹೋಗುತ್ತಾರೆ, ಟಾಕೀಸಿಗಲ್ಲ. ಇದನ್ನು ತೆಗೆದವರಿಗೂ ಮೆಚ್ಚುವವರಿಗೂ ನಾಚಿಕೆಯಾಗಬೇಕು.’

ಶಿವಕಾಂತಾಳಿಗೆ ಕೊನೆಯ ಮಾತು ಚುಚ್ಚಿತು. ಅವಳು ಪಿಚ್ಚರನ್ನು ಮೆಚ್ಚಿದ್ದಳು.

ಅದನ್ನು ನೋಡಬೇಕೆಂದು ಅವಳು ಹೋದವಳಲ್ಲ. ಅವಳು ಕೊಹೀರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಹಿಂದಿನ ತಿಂಗಳು ಜೊತೆಯ ಟೀಚರೊಬ್ಬರ ತಮ್ಮನ ಮದುವೆಗೆಂದು ತಾಂಡೂರಿಗೆ ಹೋಗಿದ್ದಳು. ಊಟ ಮುಗಿಸಿ, ತಾನು ಸೊಸೆಯಾಗಿ ಹೋಗಬೇಕಾಗಿದ್ದ ಮನೆಗೆ ಒಂದು ಗಳಿಗೆ ಹೋದಳು. ಆನಂದಕುಮಾರನ ಮನೆ ಅದು. ತಾಂಡೂರಿನಲ್ಲಿ ಅವರದು ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆ. ಸಕ್ಕರೆ ಹಂಚಿ ಮಾತು ಗಟ್ಟಿಯಾದ ಮೇಲೆ ಅವನ ತಂದೆ ಶಾಂತಪ್ಪ ತೀರಿಕೊಂಡಿದ್ದರು. ವರ್ಷದ ಕಾರ್ಯ ಮುಗಿಯುವ ತನಕ ಮದುವೆ ಬೇಡವೆಂದು ಹಿರಿಯರು ನಿಲ್ಲಿಸಿದ್ದರು.

ಆನಂದಕುಮಾರ ಮನೆಯಲ್ಲಿರಲಿಲ್ಲ. ಅವನ ತಾಯಿ ತಾರಾಬಾಯಿ ಚಹ ಕೊಟ್ಟು, ಬಸ್‌ ಸ್ಟ್ಯಾಂಡಿನವರೆಗೆ ತಾವೇ ಕಳಿಸಲು ಬಂದರು. ಅಲ್ಲಿ ನೋಡಿದರೆ ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಹುಡುಗರು ರಸ್ತೆಯ ಮೇಲೆ ಕುಳಿತು ರಾಸ್ತಾ ರೋಕೋ ಹೂಡಿದ್ದಾರೆ. ಸಂಜೆಯ ತನಕ ಬಸ್ಸು ಬಿಡುವುದಿಲ್ಲವೆಂದರು. ಬಸ್‌ ಸ್ಟ್ಯಾಂಡಿಗೆ ಹತ್ತಿಯೇ ಟಾಕೀಸು. ಗೋಡೆಯ ಮೇಲೆ ಕಲ್ಲಿನ ಎದೆಯ ಹುಡುಗನ ದೊಡ್ಡ ಚಿತ್ರ. ತಾರಾಬಾಯಿ ಅದನ್ನು ಬಹಳ ಹೊತ್ತು ನೋಡಿದರು.

“ಹಳೀ ಪಿಚ್ಚರ್ ನಮ್ಮ ಮನಿಯೋರಿಗಿ ಭಾಳ ಸೇರ್ತಿತ್ತು,” ಎಂದರು. ಆಮೇಲೆ, “ಬಾ ಯವ್ವಾ, ಬಿಸಲಾಗ ನಿಂತು ಏನ್ ಮಾಡೋದು, ಒಳಗ ಕುಂದ್ರೋಣು,” ಎಂದು ತಾವೇ ಮುಂದೆ ನಡೆದರು.

ಒಳಗೆ ಕತ್ತಲೆಯಲ್ಲಿ ತಾರಾಬಾಯಿ ಅತ್ತದ್ದು ಅವಳಿಗೆ ಗೊತ್ತಾಯಿತು. ನಡುನಡುವೆ ಅವರು ಮೆಲ್ಲಗೆ ಒಂದೆರಡು ಮಾತನ್ನೂ ಆಡಿದರು. ಹೊರಗೆ ಬಂದ ಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಅವಳ ಕೈ ಹಿಡಿದರು. “ಶಿವಕಾಂತಾ, ಇದು ಯಾರ ಮುಂದೂ ಅನಬ್ಯಾಡ. ಇನ್ನಾ ವರ್ಷದ ಕಾರ್ಯ ಆಗಿಲ್ಲ. ಪಿಚ್ಚರಿಗಿ ಹೋಗಿದ್ದಳಂತ ನಮ್ಮಣ್ಣಗ ಗೊತ್ತಾದ್ರ ನನಗ ಮಾರಿ ಎತ್ತಾಕ ಆಗಲ್ಲ.”

“ಇಲ್ರಿ ಅತ್ತೀ. ಅನಲ್ಲ,” ಎಂದು ಶಿವಕಾಂತಾ ಮಾತು ಕೊಟ್ಟಳು. ಮನೆಗೆ ಬಂದು ಅವ್ವನಿಗೂ ಬಸ್‌ ಸ್ಟ್ಯಾಂಡಿನಲ್ಲೇ ಕುಳಿತಿದ್ದೆನೆಂದು ಹೇಳಿದಳು.

ಈಗ ನಿಷ್ಠುರನ ಅಂಕಣ ಓದಿ ಸುಮ್ಮನಿರಲು ಆಗಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಒಂದೇ ಸಲ ಕುಳಿತು ಬರೆದಳು. ಕಲ್ಲಾಗುವುದು ನೋಯುತ್ತದೆ ಎಂದು ತೋರಿಸಿದ್ದರಿಂದಲೇ ಹೊಸ ಶಿಲಾವೀರ ದೊಡ್ಡವನು, ನೋವೇ ಇಲ್ಲದವನಿಗೆ ಧೈರ್ಯದ ಅಗತ್ಯವೇನಿದೆ, ಎಂದು ಕೇಳಿದಳು. ಹಳೆಯ ಪಿಚ್ಚರಿನಲ್ಲಿ ಗಣಿ ಇತ್ತು, ಧೂಳು ಇರಲಿಲ್ಲ. ಹಾಡುವಾಗ ಎಲ್ಲರ ಅಂಗಿಯೂ ಬೆಳ್ಳಗೇ ಇತ್ತು, ಎಂದಳು. ‘ಒಮ್ಮೆ ಆದದ್ದು ಮತ್ತೆ ಆಗಬಾರದೆಂದರೆ, ನಮ್ಮ ಹಿರಿಯರು ಅರವತ್ತೊಂಬತ್ತರಲ್ಲಿ ಬೀದಿಗಿಳಿದು ಕೇಳಿದ ರಾಜ್ಯವನ್ನು ಇಂದು ಮಕ್ಕಳು ಮತ್ತೆ ಕೇಳುವುದೂ ತಪ್ಪೇ? ಆಗ ಸರಿಯಾಗಿ ಮುಗಿಯದ ಕತೆಯನ್ನು ಮೊದಲಿನಿಂದ ಹೇಳಲೇಬೇಕಾಗುತ್ತದೆ.’ ತಾಯಿಯ ಕೆಮ್ಮಿನ ವಿಷಯಕ್ಕೆ ಬಂದಾಗ ಕೈ ತಾನಾಗಿಯೇ ಓಡಿತು. ‘ನಾವು ಈ ಪಿಚ್ಚರನ್ನು ಕಣ್ಣೀರು ಒರೆಸಿಕೊಳ್ಳುತ್ತ ನೋಡಿದೆವು. ಮುಂಜಾನೆ ಎದ್ದು ಗಂಡನ ತಲೆದಿಂಬು ಝಾಡಿಸಿ, ಅದರಿಂದ ಉದುರುವ ಬೂದುಬಣ್ಣದ ಪುಡಿಯನ್ನು ನೋಡಿದ ಹೆಣ್ಣಿಗೆ ಆ ತಾಯಿ ಯಾರೆಂದು ಗೊತ್ತು. ನಿಷ್ಠುರರಿಗೆ ಗೊತ್ತಿಲ್ಲ.’

ಕೆಳಗೆ ತನ್ನ ಹೆಸರು, ಶಿಕ್ಷಕಿ, ಕೊಹೀರ್ ಎಂದು ಬರೆದು ಅಂಚೆಗೆ ಹಾಕಿದಳು. ಒಂದಕ್ಷರವೂ ಬದಲಾಗದೆ ಅದು ಅಚ್ಚಾಯಿತು.

ಮೊದಲು ಕೇಳಿದವರು ಜೊತೆಯ ಶಿಕ್ಷಕ ಅಂಜಪ್ಪ. ಚಳವಳಿಯ ಸಮಿತಿಯಲ್ಲಿ ಅವರು ಮುಂದಾಳು. ಹಿಂದಿನ ವರ್ಷದ ಮುಷ್ಕರದಲ್ಲಿ ಶಾಲೆಗೆ ಬೀಗ ಹಾಕಿ ಗೇಟಿನ ಮುಂದೆ ಎಲ್ಲರಿಗೂ ಅಡುಗೆ ಮಾಡಿಸಿದವರು.

“ಮೇಡಂ, ಓದೀನ್ರಿ,” ಎಂದರು ಸ್ಟಾಫ್ ರೂಮಿನಲ್ಲಿ. “ಛಲೋ ಬರ್ದೀರಿ. ಖರೇ ಆ ಪಿಚ್ಚರ್ ಈ ಕಡೀಗಿ ತಂದೋರು ಯಾರಂತ ಗೊತ್ತದೇನ್ರಿ? ಆ ಕಡಿ ಆಂಧ್ರದೋರು, ನಮಗ ರಾಜ್ಯ ಕೊಡಬ್ಯಾಡ್ರಿ ಅನ್ನೋರು. ಅವರ ಪಿಚ್ಚರಿಗಿ ನಮ್ಮ ಅರವತ್ತೊಂಬತ್ತು ತಂದು ಹಚ್ಚೀರಿ. ಯಾರರ ಬರೀರಿ ಅಂದಿದ್ರೇನು?”

“ಯಾರೂ ಅಂದಿಲ್ರಿ ಸರ್. ನಾನೇ ಬರ್ದೀನಿ.”

“ಆತು ಬಿಡ್ರಿ. ಮಂದಿ ಕೇಳ್ಲತ್ತಾರ, ಅದಕ್ಕ ಕೇಳ್ದೆ.”

ಮಂದಿ ಎಂದರೆ ಯಾರೆಂದು ಅವರು ಹೇಳಲಿಲ್ಲ. ಅಂದಿನಿಂದ ಅವಳು ಒಳಗೆ ಬಂದರೆ ಸ್ಟಾಫ್ ರೂಮಿನ ಮಾತು ತಗ್ಗುವುದು ಅವಳಿಗೆ ಕಾಣತೊಡಗಿತು. ಅಥವಾ ಅವಳಿಗೆ ಹಾಗೆನಿಸಿತು. ನಿಷ್ಠುರ ಎಂದರೆ ಅಂಜಪ್ಪನವರೇ ಇರಬಹುದೇ? ಕೆಂಪು ಶಾಯಿಯಲ್ಲಿ ಉತ್ತರಪತ್ರಿಕೆ ತಿದ್ದುವ ಅವರ ಕೈಯನ್ನು ಅವಳು ಸಂಶಯದಿಂದ ನೋಡಿದಳು.

ಅದೇ ವಾರ ಮನೆಯ ಫೋನಿಗೆ ಕರೆ ಬಂತು. ಶಿವಕಾಂತಾಳೇ ಎತ್ತಿದಳು. ಆ ಕಡೆ ಗಿರಣಿ ತಿರುಗಿದಂಥ ಗರ್ರನೆಯ ಸದ್ದು. ಬಾಯಿಗೆ ಬಟ್ಟೆ ಹಿಡಿದು ಮಾತಾಡಿದಂಥ ಗಂಡಸಿನ ದನಿ: “ನಾವು ನೋಡಿದೆವು ಅಂತ ಬರ್ದೀರಿ. ನಾವು ಅಂದ್ರ ಯಾರ್ಯಾರು?”

“ಯಾರ್ರಿ ಮಾತಾಡೋದು?”

“ಹೇಳ್ರಿ. ತಾಂಡೂರಾಗ ಯಾರ ಸಂಗಟ ಹೋಗಿದ್ರಿ?”

ಅವಳು ಏನಾದರೂ ಹೇಳುವ ಮೊದಲೇ ಫೋನು ಕಟ್ಟಾಯಿತು. ಆದರೆ ತಾಂಡೂರಿನಲ್ಲಿ ನೋಡಿದೆನೆಂದು ಅವಳು ಬರೆದಿರಲೇ ಇಲ್ಲ. ಅದು ತಲೆಗೆ ಹೊಳೆದಾಗ ಅವಳು ರಿಸೀವರನ್ನು ಮತ್ತೆ ಕಿವಿಗೆ ಹಿಡಿದಳು.

ಗುಂಡಮ್ಮ ಬಾಗಿಲಲ್ಲಿ ನಿಂತಿದ್ದರು. “ಯಾರ ಫೋನ?”

“ಯಾರೋ ಗೊತ್ತಿಲ್ಲವ್ವ.”

“ಗೊತ್ತಿಲ್ಲದೋರು ನಮ್ಮ ಮನೀಗಿ ಯಾಕ ಫೋನ್ ಮಾಡ್ತಾರ? ಶಿವಕಾಂತಾ, ನಾ ಒಂದು ಕೇಳ್ತೀನಿ. ಆವತ್ತು ಬಸ್ ಸ್ಟ್ಯಾಂಡಿನಾಗ ಕುಂತಿದ್ದೆ ಅಂದಿ. ಮತ್ತ ಪಿಚ್ಚರ್ ಎಲ್ಲಿ ನೋಡ್ದಿ?”

“ಅಲ್ಲೇ. ಬಸ್ ಬಿಡಲಿಲ್ಲ, ಹೊತ್ತು ಹೋಗಲಿಲ್ಲ.”

“ಒಬ್ಬಾಕಿನೇ?”

ಶಿವಕಾಂತಾ ತಿದ್ದಬೇಕಾದ ಉತ್ತರಪತ್ರಿಕೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಗುಂಡಮ್ಮ ಮತ್ತೆ ಕೇಳಲಿಲ್ಲ. ಆದರೆ ಮರುದಿನದಿಂದ ಅವಳ ಮೊಬೈಲು ಸದ್ದು ಮಾಡಿದಾಗಲೆಲ್ಲ ಒಲೆಯ ಮುಂದಿನ ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರು.

ಹತ್ತು ದಿನವಾಗುವಷ್ಟರಲ್ಲಿ ನಾರಾಯಣಖೇಡದಿಂದ ಹೇಳಿಕಳಿಸಿದರು. ಅಲ್ಲಿದ್ದವರು ತಾರಾಬಾಯಿಯ ಅಣ್ಣ ಶಿವಶಂಕರಪ್ಪ, ನಿವೃತ್ತ ಹೆಡ್‌ಮಾಸ್ತರ್. ಈ ಸಂಬಂಧ ಕೂಡಿಸಿದವರೇ ಅವರು. ಶಾಂತಪ್ಪ ಹೋದ ಮೇಲೆ ತಾಂಡೂರಿನ ಮನೆಯ ಎಲ್ಲ ವ್ಯವಹಾರಕ್ಕೂ ಅವರದೇ ಮಾತು. ಅಪ್ಪ ಮಗಳನ್ನು ಕರೆದುಕೊಂಡು ಹೋದರು. ಬಸ್ಸಿನಿಂದ ಇಳಿದಾಗ, “ಕೇಳಿದ್ದಕ್ಕ ಖರೇ ಹೇಳಿಬಿಡವ್ವ,” ಎಂದರು.

ಶಿವಶಂಕರಪ್ಪನವರ ಮನೆ ಚೊಕ್ಕಟವಾಗಿತ್ತು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವಳ ಅಪ್ಪನಿಗೆ ಕುರ್ಚಿ ತೋರಿಸಿ, ನೀರು ತರಿಸಿ, ನೇರವಾಗಿ ಮಾತಿಗೆ ಬಂದರು.

“ನಿಷ್ಠುರ ಅಂದ್ರ ನಾನು,” ಎಂದರು.

ಶಿವಕಾಂತಾ ನೀರಿನ ಲೋಟವನ್ನು ಕೆಳಗಿಟ್ಟಳು.

“ನನ್ನ ಬರಹಕ್ಕ ನೀ ಉತ್ತರ ಕೊಟ್ಟಿದ್ದಕ್ಕ ನನಗ ಸಿಟ್ಟಿಲ್ಲ. ಅರವತ್ತೊಂಬತ್ತರಾಗ ನಾ ಹೈದರಾಬಾದಿನಾಗ ಓದ್ತಿದ್ದೆ. ಪೊಲೀಸರ ಲಾಠಿ ತಿಂದೀನಿ. ನೀ ಬರ್ದಿದ್ದು ನನಗೇ ತಟ್ಟ್ಯದ. ಇರ್ಲಿ. ಈಗ ಕೇಳೋದು ಬ್ಯಾರೆ. ಈ ಪಿಚ್ಚರ್ ನೀ ಯಾರ ಸಂಗಟ ನೋಡ್ದಿ?”

ಅವರ ದನಿಯಲ್ಲಿ ಸಿಟ್ಟಿಲ್ಲದ್ದೇ ಅವಳಿಗೆ ಹೆದರಿಕೆ ತಂದಿತು.

“ಒಬ್ಬ ಹಿರೇ ಹೆಣ್ಮಗಳ ಸಂಗಟ ನೋಡೀನ್ರಿ ಮಾಮಾ.”

“ಹೆಸರು?”

“ಹೇಳಾಕ ಬರಾಂಗಿಲ್ರಿ. ಮಾತು ಕೊಟ್ಟೀನಿ.”

“ನಮ್ಮ ತಂಗೀಗಿ ಕೇಳೀನಿ. ಮಧ್ಯಾಹ್ನಕ್ಕೇ ನಿನ್ನ ಬಸ್ ಹತ್ತಿಸಿ ಬಂದೀನಿ ಅಂತ ಹೇಳ್ಯಾಳ. ಆವತ್ತು ಮಧ್ಯಾಹ್ನ ತಾಂಡೂರಿನಿಂದ ಒಂದು ಬಸ್ಸೂ ಹೋಗಿಲ್ಲ. ಇಬ್ಬರಾಗ ಒಬ್ಬರು ಸುಳ್ಳು ಹೇಳ್ಲತ್ತೀರಿ.”

ಶಿವಕಾಂತಾ ತಲೆ ಎತ್ತಿ ನೋಡಿದಳು. ತಾರಾಬಾಯಿ ಸುಳ್ಳು ಹೇಳಿದ್ದಾರೆ! ತನ್ನನ್ನು ನಡುನೀರಿನಲ್ಲಿ ಬಿಟ್ಟು ದಂಡೆಯ ಮೇಲೆ ನಿಂತಿದ್ದಾರೆ. ಒಂದೇ ಮಾತು ಹೇಳಿದರೆ ಅವಳು ಈ ಮನೆಯಿಂದ ತಲೆ ಎತ್ತಿ ಹೊರಗೆ ಹೋಗಬಹುದಾಗಿತ್ತು. ಪಕ್ಕದಲ್ಲಿ ಅಪ್ಪ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅದರ ಅಂಚನ್ನೇ ಸವರುತ್ತಿದ್ದರು.

“ನಾ ಗಂಡಸರ ಸಂಗಟ ಹೋಗಿಲ್ರಿ. ಇಷ್ಟೇ ಹೇಳ್ತೀನಿ,” ಎಂದಳು.

“ನೀ ಹೇಳದಿದ್ರ ಮುಂದಿನ ಮಾತು ಕಷ್ಟ ಆಗ್ತದ,” ಎಂದು ಶಿವಶಂಕರಪ್ಪ ಎದ್ದು ನಿಂತರು. ಬಾಗಿಲವರೆಗೆ ಬಂದು ಅಪ್ಪನಿಗೆ ಕೈ ಮುಗಿದರು. ಅವಳ ಮುಖವನ್ನು ಮಾತ್ರ ಏನೋ ಹುಡುಕುವವರಂತೆ ನೋಡುತ್ತಲೇ ಇದ್ದರು.

ಮರಳುವ ಬಸ್ಸಿನಲ್ಲಿ ಅವಳು ಎಲ್ಲವನ್ನೂ ತಿರುವಿ ಹಾಕಿ ನೋಡಿದಳು. ತಾರಾಬಾಯಿ ಅಂದು ತಾವಾಗಿಯೇ ಒಳಗೆ ಕರೆದದ್ದೇಕೆ? ಬರುವ ಸೊಸೆ ಎಂಥವಳೆಂದು ಪರೀಕ್ಷೆಗೆ ಇಟ್ಟರೇ? ಅಣ್ಣ ತಂಗಿ ಸೇರಿ ಈ ಸಂಬಂಧ ಮುರಿಯಲು ನೆಪ ಹುಡುಕುತ್ತಿದ್ದಾರೆಯೇ? ತಾಂಡೂರಿನ ಹೆಸರು ಹೇಳಿ ಫೋನು ಮಾಡಿದವನು ಯಾರು? ಒಂದು ಸಂಶಯಕ್ಕೆ ಉತ್ತರ ಸಿಗುವ ಮೊದಲೇ ಇನ್ನೊಂದು ಬಂದು ಕೂರುತ್ತಿತ್ತು.

ಮುಂದಿನ ಭಾನುವಾರ ಅವಳು ಅವ್ವನಿಗೆ ಹೇಳಿಯೇ ತಾಂಡೂರಿನ ಬಸ್ಸು ಹತ್ತಿದಳು. ಗುಂಡಮ್ಮ ಬೇಡವೆಂದರು; ಅವಳು ಕೇಳಲಿಲ್ಲ.

ತಾರಾಬಾಯಿಯ ಮನೆಯ ಹಿಂದೆಯೇ ಕಾರ್ಖಾನೆ. ಭಾನುವಾರವೂ ಒಂದು ಮಷೀನು ನಡೆದಿತ್ತು. ತಲೆಗೆ ಟವೆಲ್ ಸುತ್ತಿದ ಕೆಲಸಗಾರರು ಧೂಳಿನೊಳಗೆ ಅಸ್ಪಷ್ಟವಾಗಿ ಕಾಣುತ್ತಿದ್ದರು. ಕಲ್ಲು ಕೊಯ್ಯುವ ಗರ್ರನೆಯ ಸದ್ದು ಕಿವಿಗೆ ಬಿದ್ದೊಡನೆ ಶಿವಕಾಂತಾಳ ಕಾಲು ನಿಂತಿತು. ಫೋನಿನಲ್ಲಿ ಕೇಳಿದ್ದು ಗಿರಣಿಯಲ್ಲ, ಇದು.

ತಾರಾಬಾಯಿ ಅವಳನ್ನು ಕಂಡು ಎದ್ದು ಬರಲಿಲ್ಲ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದವರು ಕುಳಿತೇ ಇದ್ದರು.

“ಬಂದೇನು? ಬರ್ತೀ ಅಂತ ಗೊತ್ತಿತ್ತು.”

“ಅತ್ತೀ, ನಾ ನಿಮ್ಮ ಹೆಸರು ಹೇಳಲಿಲ್ಲ. ನೀವು ನನ್ನ ಬಸ್ ಹತ್ತಿಸಿದೆ ಅಂತ ಸುಳ್ಳು ಹೇಳಿದ್ರಿ. ನಿಮ್ಮ ಅಣ್ಣಾರು ನಮ್ಮ ಅಪ್ಪನ ಮುಂದ ನನ್ನ ನಿಲ್ಲಿಸಿ ಕೇಳ್ಯಾರ. ನಾ ಏನು ಮಾಡೀನಂತ ನನಗ ಈ ಶಿಕ್ಷೆ?”

ತಾರಾಬಾಯಿ ಮೊರವನ್ನು ಪಕ್ಕಕ್ಕೆ ಸರಿಸಿದರು. “ಏನ್ ಮಾಡೀನಂತ ನನಗೇ ಕೇಳ್ತಿ? ತಲಿದಿಂಬಿನ ಮಾತು ಯಾರದು?”

ಶಿವಕಾಂತಾ ಅವರ ಎದುರು ನೆಲದ ಮೇಲೆ ಕುಳಿತಳು.

“ಪಿಚ್ಚರಿನಾಗ ಆಕಿ ಮಗನ ಅಂಗಿ ಝಾಡಿಸಿದ್ಲು. ನಾ ನಿನ್ನ ಕಿವ್ಯಾಗ ಹೇಳ್ದೆ, ನಾನೂ ಹಿಂಗೇ ಅವರ ತಲಿದಿಂಬು ಝಾಡಿಸ್ತಿದ್ದೆ ಅಂತ. ಇಷ್ಟು ದಿನ ಯಾರ ಮುಂದೂ ಹೇಳಿಲ್ಲ. ಹೊಟ್ಟ್ಯಾಗಿನ ಮಾತು. ಕತ್ತಲಾಗ ನಿನಗೊಬ್ಬಾಕಿಗಿ ಹೇಳ್ದೆ. ನೀ ಅದು ಒಯ್ದು ಪೇಪರಿನಾಗ ಹಾಕ್ದಿ. ನಾ ಸುಳ್ಳು ಹೇಳೀನಿ, ಖರೆ ಅದ. ನೀ ಏನ್ ಮಾಡ್ದಿ?”

ಬರೆಯುವಾಗ ಆ ವಾಕ್ಯ ತನ್ನದೆಂದೇ ಶಿವಕಾಂತಾಳಿಗೆ ಅನಿಸಿತ್ತು. ಮಾತು ಕೊಟ್ಟದ್ದು ಹೆಸರು ಹೇಳುವುದಿಲ್ಲವೆಂದು. ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಎತ್ತಿಕೊಂಡು ಹೋಗಿದ್ದಳು.

“ತಪ್ಪಾತು ಅತ್ತೀ,” ಎಂದಳು. “ನನಗ ಹೊಳೀಲಿಲ್ಲ.”

“ನೀ ನಮ್ಮ ಮನೀ ಒಳಗಿಂದು ಹೊರಗ ಹಾಕಾಕೇ ಬಂದೀ ಏನೋ ಅಂತ ನನಗ ಶಕ್ ಬಂತು. ಇಲ್ಲಿ ಎರಡು ಮಂದಿ ಕೆಲಸದೋರಿಗಿ ಕೆಮ್ಮದ. ಶಾವಕಾರರಿಗೂ ಇದೇ ಆಗಿತ್ತು, ನಮ್ಮ ದವಾಖಾನಿ ಖರ್ಚು ನೀವೇ ನೋಡ್ರಿ ಅಂತ ಅವರು ಕೇಳ್ಲತ್ತಾರ. ನಮ್ಮಣ್ಣ ಅವರಿಗಿ ಏನ್ ಹೇಳ್ಯಾನ ಗೊತ್ತದ? ಇವರು ಹಾರ್ಟಿನಿಂದ ಹೋಗ್ಯಾರಂತ.”

ಆ ಹೊತ್ತಿಗೆ ಕಾರ್ಖಾನೆಯ ಕಡೆಯ ಬಾಗಿಲಿನಿಂದ ಶಿವಶಂಕರಪ್ಪ ಒಳಗೆ ಬಂದರು. ಹಿಂದೆ ಆನಂದಕುಮಾರ. ಭಾನುವಾರದ ಲೆಕ್ಕ ನೋಡಲು ಮಾವ ಪ್ರತಿ ವಾರ ಬರುತ್ತಿದ್ದರೆಂಬುದು ಶಿವಕಾಂತಾಳಿಗೆ ಗೊತ್ತಿರಲಿಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರೆಂದು ಮುಖವೇ ಹೇಳುತ್ತಿತ್ತು.

ತಾರಾಬಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. “ಹೌದಣ್ಣಾ. ಆಕಿ ಸಂಗಟ ಹೋದಾಕಿ ನಾನೇ. ಕರಕೊಂಡು ಹೋದಾಕೀನೂ ನಾನೇ.”

“ನನಗ ಗೊತ್ತಿತ್ತು ತಾರಾ,” ಎಂದರು ಶಿವಶಂಕರಪ್ಪ. “ತಲಿದಿಂಬಿನ ಮಾತು ಓದಿದಾಗೇ ಗೊತ್ತಾತು. ಆ ದಿಂಬು ನಾನೂ ನೋಡೀನಿ.”

“ಗೊತ್ತಿದ್ದೂ ನನ್ನ ಯಾಕ ಕೇಳಿದ್ರಿ ಮಾಮಾ?” ಶಿವಕಾಂತಾ ಎದ್ದು ನಿಂತಳು. “ನಮ್ಮ ಅಪ್ಪನ ಮುಂದ?”

“ನೀ ಹೇಳ್ತೀ ಇಲ್ಲೋ ನೋಡಬೇಕಿತ್ತು. ನನ್ನ ಮುಂದ ಹೇಳಿದ್ರ, ನಾಳಿ ಆ ಕೆಲಸದೋರ ಮುಂದೂ ಹೇಳಾಕಿ.” ಅವರು ಮಂಚದ ಅಂಚಿಗೆ ಕುಳಿತರು. ನಾರಾಯಣಖೇಡದ ಮನೆಯಲ್ಲಿ ಕಂಡ ಬಿಗಿತ ಈಗ ಇರಲಿಲ್ಲ. “ಕಾರ್ಖಾನಿ ಸಲುವಾಗಿ ಅಂಜಿದ್ದು ಖರೆ. ಖರೇ ಆ ಬರಹ ಅದರ ಸಲುವಾಗಿ ಬರ್ದಿದ್ದಲ್ಲ. ಹಳೀ ಶಿಲಾವೀರ ನಾನೂ ನಮ್ಮ ಶಾಂತಪ್ಪನೂ ಕೂಡಿ ನೋಡಿದ್ದಿವು, ಇದೇ ತಾಂಡೂರಾಗ. ಆಗ ಅವನ ಹತ್ರ ಕಾರ್ಖಾನಿ ಇರ್ಲಿಲ್ಲ. ತಾನೇ ಕಲ್ಲು ಕೊಯ್ತಿದ್ದ. ಗುಂಡು ತಾಗಿ ಹಿಂದಕ ಹೋದಾಗ ಎದ್ದು ನಿಂತು ಸೀಟಿ ಹೊಡ್ದ. ಹೊರಗ ಬಂದು ನನಗ, ಮಾಸ್ತರ್ ನನ್ನ ಎದೀಗಿ ಒಂದು ಗುದ್ದ್ರಿ, ನೋಡೋಣು ಅಂದ. ನಾ ಗುದ್ದಿದೆ. ನಕ್ಕ.” ಅವರು ತಮ್ಮ ಬಲಗೈಯ ಮುಷ್ಟಿ ನೋಡಿಕೊಂಡರು. “ಕಡೀಗಿ ಆ ಎದಿ ಹೆಂಗಾಗಿತ್ತು ಅಂತ ನಾ ನೋಡೀನಿ. ಟಾಕೀಸಿಗಿ ಹೋಗಿ ಮತ್ತ ಅದೇ ನೋಡಬೇಕೇನು? ಒಬ್ಬನರೆ ಕಲ್ಲಾಗಿ ಉಳೀಲಿ ಅನಿಸ್ತು ನನಗ.”

ಹಿಂದಿನ ಮಷೀನು ಒಂದು ಕಲ್ಲು ಮುಗಿಸಿ ಇನ್ನೊಂದಕ್ಕೆ ಹೊರಳಿತು.

ಶಿವಕಾಂತಾಳಿಗೆ ಅವರ ಮೇಲಿದ್ದ ಸಿಟ್ಟು ಇಳಿದುಹೋಯಿತು. ಆದರೂ ಹೇಳಬೇಕಾದ್ದನ್ನು ನುಂಗಲಿಲ್ಲ. “ಮಾಮಾ, ಪಿಚ್ಚರಿನ ಹುಡುಗ ಅತ್ತದ್ದು ನಿಮಗ ಸೇರಲಿಲ್ಲ, ಆಗ್ಲಿ. ಅದು ನಿಮ್ಮ ಮನಸ್ಸು. ಆದ್ರ ಕೆಮ್ಮು ಕೇಳಾಕ ದವಾಖಾನಿಗಿ ಹೋಗ್ರಿ ಅಂತ ಬರ್ದೀರಿ. ದವಾಖಾನಿಗಿ ರೊಕ್ಕ ಕೇಳಾಕ ಬಂದೋರಿಗಿ, ಶಾವಕಾರರಿಗಿ ಹಾರ್ಟ್ ಆಗಿತ್ತು ಅಂತ ಹೇಳಿ ಕಳಸ್ತೀರಿ. ಮತ್ತ ಅವರು ಎಲ್ಲಿ ಹೋಗಬೇಕ್ರಿ?”

ತಾರಾಬಾಯಿ ಅಣ್ಣನ ಎದುರು ಬಂದು ನಿಂತರು. “ಆಕಿ ಬರ್ದಿದ್ದು ನನಗ ಸಿಟ್ಟು ಬಂದದ. ಖರೇ ಬರ್ದಿದ್ದು ಸುಳ್ಳಲ್ಲ. ನಾಳಿ ಆ ಇಬ್ಬರಿಗೂ ನಾನೇ ಹೇಳ್ತೀನಿ, ನಮ್ಮ ಮನಿಯೋರು ಧೂಳಿನಿಂದ ಹೋಗ್ಯಾರಂತ. ಧೂಳು ಏಳದಂಗ ಮಷೀನಿಗಿ ನೀರು ಬಿಡಸ್ರಿ ಅಂತ ಅವರು ಇದ್ದಾಗೇ ಅಂದಿದ್ದೆ. ಈಗ ಬಿಡಸ್ರಿ.”

“ಆತು,” ಎಂದರು ಶಿವಶಂಕರಪ್ಪ.

ಇಷ್ಟೂ ಹೊತ್ತು ಆನಂದಕುಮಾರ ಗೋಡೆಗೆ ಒರಗಿ ನಿಂತಿದ್ದ. ಒಂದು ಸಲವೂ ಬಾಯಿ ಬಿಡಲಿಲ್ಲ. ಶಿವಕಾಂತಾ ಹೊರಟಾಗ ಮಾತ್ರ ಬಸ್‌ ಸ್ಟ್ಯಾಂಡಿಗೆ ಬಿಡುತ್ತೇನೆಂದು ಜೊತೆಗೆ ಬಂದ. ಗಲ್ಲಿ ದಾಟಿದ ಮೇಲೆ ಅವಳೇ ಕೇಳಿದಳು.

“ಫೋನ್ ಮಾಡಿದೋರು ನೀವೇ ಅಲ್ಲೇನ್ರಿ?”

ಅವನು ನಕ್ಕ. “ಹೆಂಗ ಗೊತ್ತಾತು?”

“ಮಷೀನಿನ ಸಪ್ಪಳ ಕೇಳಿಸ್ತು. ಅತ್ತಿ ಪಿಚ್ಚರಿಗಿ ಹೋಗಿದ್ದೂ ನಿಮಗ ಗೊತ್ತಿತ್ತೇನು?”

“ಗೊತ್ತಿತ್ತು. ಟಾಕೀಸಿನ ಗೇಟಿನಾಂವ ನಮ್ಮ ದೋಸ್ತ. ನಿಮ್ಮ ಅವ್ವ ಬಂದಿದ್ರು ಅಂತ ಆವತ್ತೇ ಹೇಳಿದ್ದ.”

“ಹಂಗಾದ್ರ ನಿಮ್ಮ ಮಾಮಾ ನನ್ನ ನಾರಾಯಣಖೇಡಿಗಿ ಕರಸಿದಾಗ ಯಾಕ ಹೇಳಲಿಲ್ಲ?”

“ನೀ ಏನ್ ಮಾಡ್ತೀ ನೋಡೋಣಂತ ಸುಮ್ನಿದ್ದೆ. ನಮ್ಮ ಅವ್ವನ ಹೆಸರು ಹೇಳಲಿಲ್ಲ ನೀ. ಪಕ್ಕಾ ಇದ್ದಿ. ಈಗ ನನಗ ಯಾವ ಶಕ್ಕೂ ಇಲ್ಲ.” ಬಹುಮಾನ ಕೊಟ್ಟವನ ಹಾಗೆ ಅವಳ ಮುಖ ನೋಡಿದ.

ಶಿವಕಾಂತಾ ನಿಂತಳು. ಅಣ್ಣನಿಗೆ ಹೆದರಿ ತಾರಾಬಾಯಿ ಸುಳ್ಳು ಹೇಳಿದ್ದರು. ಸತ್ತವನ ಮೇಲಿನ ಅಕ್ಕರೆಗೋ ಕಾರ್ಖಾನೆಯ ಭಯಕ್ಕೋ ಶಿವಶಂಕರಪ್ಪ ಕಠಿಣರಾಗಿದ್ದರು. ತಾನು ಇನ್ನೊಬ್ಬರ ಗುಟ್ಟನ್ನು ಅಚ್ಚು ಹಾಕಿಸಿದ್ದಳು. ಎಲ್ಲರದೂ ತಪ್ಪೇ. ಆದರೆ ಈ ಮನುಷ್ಯನಿಗೆ ಯಾವ ಹೆದರಿಕೆಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಅಪ್ಪ ಟೋಪಿಯ ಅಂಚು ಸವರುತ್ತ ಕುಳಿತಿದ್ದಾಗ ಇವನು ಇಲ್ಲಿ ಕುಳಿತು ಫಲಿತಾಂಶಕ್ಕೆ ಕಾಯುತ್ತಿದ್ದ. ಪಿಚ್ಚರ್ ಹೇಗಿತ್ತೆಂದು ಇಂದಿನವರೆಗೂ ಅವಳನ್ನು ಕೇಳಿರಲಿಲ್ಲ.

“ನಿಮಗ ಶಕ್ ಹೋಗ್ಯದ,” ಎಂದಳು. “ನನಗ ಈಗ ಬಂದದ. ನಾಳಿ ಉಪ್ಪು ಹೆಚ್ಚಾದ್ರೂ ನೀವು ನೋಡೋಣಂತ ಸುಮ್ನೆ ಕುಂದ್ರತೀರಿ. ನಂಗ ಈ ಮದಿವಿ ಬ್ಯಾಡ್ರಿ.”

ಅವನು ಏನೋ ಚೇ ಚೇ ಎಂದ, ಹಿಂದೆ ಬಂದ. ಅಷ್ಟರಲ್ಲಿ ಜಹೀರಾಬಾದಿನ ಬಸ್ಸು ತಿರುಗಿಸಿ ನಿಲ್ಲಿಸಿದ್ದರು. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತಳು. ಮನಸ್ಸು ಹಗುರಾಗಿತ್ತು.

ಮನೆಯಲ್ಲಿ ವಿಷಯ ತಿಳಿಸಿದಾಗ ಅಪ್ಪ, “ನೀ ಯೋಚನಿ ಮಾಡಿರ್ತೀ,” ಎಂದಷ್ಟೇ ಹೇಳಿ ಅಂಗಡಿಗೆ ಹೋದರು. ಗುಂಡಮ್ಮ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅತ್ತರು, ಬೈದರು, ಸಕ್ಕರೆ ಹಂಚಿದ ಸಂಬಂಧ ಮುರಿದರೆ ಮಂದಿ ಏನೆಂದಾರು ಎಂದು ಕೇಳಿದರು. ಕೊನೆಗೆ ದನಿ ತಗ್ಗಿಸಿ, “ಖರೇ ಹೇಳು. ಬ್ಯಾರೆ ಯಾರರೆ ಅದಾರೇನು?” ಎಂದರು. ಶಿವಕಾಂತಾಳಿಗೆ ನಗು ಬಂತು. ಆ ನಗು ಕಂಡು ಅವ್ವನ ಸಂಶಯ ಇನ್ನಷ್ಟು ಗಟ್ಟಿಯಾಯಿತು.

ತಾಂಡೂರಿನ ಮಷೀನುಗಳಿಗೆ ನೀರಿನ ಪೈಪು ಬಂತೆಂದು ತಿಳಿದದ್ದು ದೀಪಾವಳಿಯ ಆಸುಪಾಸಿನಲ್ಲಿ. ವರ್ಷದ ಕಾರ್ಯ ಮುಗಿದ ಮೇಲೆ ತಾರಾಬಾಯಿಯೇ ಫೋನು ಮಾಡಿದ್ದರು. ಮಗನ ವಿಷಯ ಎತ್ತಲಿಲ್ಲ. ಇಬ್ಬರು ಕೆಲಸಗಾರರನ್ನು ಹೈದರಾಬಾದಿನ ದವಾಖಾನೆಗೆ ಕಳಿಸಿದ್ದನ್ನು ಹೇಳಿದರು. ಆಮೇಲೆ, “ಖೇಡಿನಾಗ ಆ ಪಿಚ್ಚರ್ ಬಂದಿತ್ತು. ಅಣ್ಣಗ ಕರಕೊಂಡು ಹೋಗಿದ್ದೆ,” ಎಂದರು.

“ಏನಂದ್ರು ಮಾಮಾರು?”

“ಏನಂತಾನ, ಮೊದಲಿಂದ ಕಡೀತನ ಕುಂತು ನೋಡ್ದ. ಹೊರಗ ಬಂದು, ಪಿಚ್ಚರ್ ಚಂದಿಲ್ಲ ಅಂದ.”

“ಅನ್ಲಿ ಬಿಡ್ರಿ ಅತ್ತೀ,” ಎಂದಳು ಶಿವಕಾಂತಾ. “ಚಂದದ ಅಂತ ಮತ್ತ ಬರೀತೀನಿ. ಈ ಸಲ ನಿಮಗ ಓದಿ ತೋರಿಸಿ ಕಳಸ್ತೀನಿ.”

ಆ ಕಡೆ ತಾರಾಬಾಯಿ ನಕ್ಕರು. ಈ ಕಡೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಯಾರ ಫೋನ ಅದು?” ಎಂದರು ಗುಂಡಮ್ಮ, ಬಾಗಿಲಿಗೆ ಬಂದು.